ಕಣ್ಣಿಗೆ ಕಾಣುವ ನಾದ

ನಾದವು ಕಿವಿಯ ಸೊತ್ತೆಂದು ನಾವೆಲ್ಲರೂ ನಂಬಿಕೊಂಡು ಬಂದಿದ್ದೇವೆ. ತಂಬೂರಿಯ ಶ್ರುತಿ ಸೇರಿತೋ ಇಲ್ಲವೋ ಎಂಬುದನ್ನು ಹೇಳಬೇಕಾದುದು ಕಿವಿಯೇ ಹೊರತು ಕಣ್ಣಲ್ಲ. ಆದರೆ ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ವಾದ್ಯವು ಮನೆಗೆ ಬಂದಾಗ ಕಿವಿಯೊಂದನ್ನೇ ನೆಚ್ಚಿದರೆ ಸಾಲದು. ಅದರೊಳಗೆ ಕೇಳಿಸದೆ ನಡೆಯುವ ವ್ಯಾಪಾರಗಳು ಬಹಳ. ಅವುಗಳನ್ನು ಕಾಣುವ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ವಾದ್ಯಕ್ಕೆ ಮಾಡ್ಯುಲರ್ ಸಿಂಥಸೈಜರ್ ಎಂದು ಹೆಸರು. 1960ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ರಾಬರ್ಟ್ ಮೋಗರೂ ಕ್ಯಾಲಿಫೋರ್ನಿಯದಲ್ಲಿ ಡಾನ್ ಬುಕ್ಲಾರೂ ಇದನ್ನು ರೂಪಿಸಿದರು. 1969ರಲ್ಲಿಯೇ ಮೋಗರ ವಾದ್ಯವೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತು. ಇದರಲ್ಲಿ ಅಲೆಯನ್ನು ಹುಟ್ಟಿಸುವುದು ಒಂದು ಅಂಗ, ಅದನ್ನು ಸೋಸುವ ಫಿಲ್ಟರು ಇನ್ನೊಂದು, ಏರಿಸಿ ಇಳಿಸುವುದು ಮತ್ತೊಂದು. ಈ ಅಂಗಗಳನ್ನು ನುಡಿಸುವವನೇ ತಂತಿಗಳಿಂದ ತನಗೆ ಬೇಕಾದಂತೆ ಜೋಡಿಸಿಕೊಳ್ಳಬೇಕು. ಈಗ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಯೂರೋರ್ಯಾಕ್ ಎಂಬ ಚಿಕ್ಕ ಬಗೆಯಲ್ಲಿ ನಾದದ ಅಲೆಯು ಸುಮಾರಾಗಿ 5 ವೋಲ್ಟು ಮೇಲಕ್ಕೂ 5 ವೋಲ್ಟು ಕೆಳಕ್ಕೂ ತೂಗುತ್ತದೆ. ಸ್ವರವನ್ನು ಒಂದು ಸ್ಥಾಯಿ ಏರಿಸಲು 1 ವೋಲ್ಟು ಹೆಚ್ಚಿಸಬೇಕು. ಹೀಗೆ ಆಜ್ಞೆ ಮಾಡುವ ವೋಲ್ಟುಗಳು ಕಿವಿಗೆ ಕೇಳಿಸುವುದಿಲ್ಲ. ಅವುಗಳ ಫಲ ಮಾತ್ರ ಕೇಳಿಸುತ್ತದೆ.

ಅವುಗಳನ್ನು ತೋರಿಸುವ ಯಂತ್ರವೇ ಆಸಿಲೋಸ್ಕೋಪು. ಇದರ ಮೂಲವು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನರು 1897ರಲ್ಲಿ ನಿರ್ಮಿಸಿದ ಕ್ಯಾಥೋಡ್ ಕಿರಣದ ಕೊಳವೆ. ಇದರ ತೆರೆಯ ಮೇಲೆ ಕಾಲವು ಎಡದಿಂದ ಬಲಕ್ಕೆ ಹರಿಯುತ್ತದೆ. ವೋಲ್ಟು ಮೇಲೆ ಕೆಳಗೆ ಆಡುತ್ತದೆ.

ಜೋಡಿಸುವ ಕ್ರಮವು ಕಷ್ಟದ್ದಲ್ಲ. ಯೂರೋರ್ಯಾಕಿನ ತಂತಿಯ ಕೊನೆಗೆ 3.5 ಮಿಲಿಮೀಟರಿನ ಪ್ಲಗ್ಗಿರುತ್ತದೆ. ಅದರ ತುದಿಯಲ್ಲಿ ಸಂಕೇತವೂ ಹೊರಕವಚದಲ್ಲಿ ಭೂಸಂಪರ್ಕವೂ ಇರುತ್ತವೆ. ಪರೀಕ್ಷಿಸಬೇಕಾದ ಅಲೆಯನ್ನು ಮೊದಲು ಎರಡು ಕವಲಾಗಿ ಒಡೆದು, ಒಂದನ್ನು ಎಂದಿನ ದಾರಿಗೆ ಬಿಟ್ಟು, ಇನ್ನೊಂದನ್ನು ಆಸಿಲೋಸ್ಕೋಪಿಗೆ ಕೊಡಬೇಕು. ಆಸಿಲೋಸ್ಕೋಪು 10 ಲಕ್ಷ ಓಮಿನಷ್ಟು ಪ್ರತಿರೋಧವನ್ನು ಒಡ್ಡುವುದರಿಂದ ವಾದ್ಯದ ಮೇಲೆ ಅದರ ಭಾರವು ಬೀಳುವುದಿಲ್ಲವೆಂದೇ ಹೇಳಬಹುದು. ಮನೆಗೆ 2 ವೋಲ್ಟಿನಂತೆಯೂ 1 ಮಿಲಿಸೆಕೆಂಡಿನಂತೆಯೂ ಇಟ್ಟುಕೊಂಡರೆ, ಸೆಕೆಂಡಿಗೆ 440 ಕಂಪನಗಳ ಸ್ವರವು ಹತ್ತು ಮನೆಗಳ ಅಗಲದಲ್ಲಿ ನಾಲ್ಕು ಅಲೆಗಳಿಗಿಂತ ತುಸು ಹೆಚ್ಚಾಗಿ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. ಗೋಡೆಯ ವಿದ್ಯುತ್ತಿನಿಂದ ನಡೆಯುವ ಆಸಿಲೋಸ್ಕೋಪಿನ ಕರಿಯ ಚಿಮಟವು ಸಾಮಾನ್ಯವಾಗಿ ಮನೆಯ ಭೂಸಂಪರ್ಕಕ್ಕೇ ಸೇರಿರುತ್ತದೆ. ಅದು ವಾದ್ಯದ ಭೂಸಂಪರ್ಕವನ್ನಲ್ಲದೆ ಬೇರೇನನ್ನೂ ಮುಟ್ಟಕೂಡದು. ತಪ್ಪಿ 12 ವೋಲ್ಟಿನ ತಂತಿಗೆ ತಗುಲಿದರೆ ವಾದ್ಯವು ಸುಡಬಹುದು. ಗುಂಯ್ಗುಡುವ ಸದ್ದನ್ನು ಕಳೆಯಲೆಂದು ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಕಿತ್ತುಹಾಕುವವರುಂಟು. ಅದು ವಾದ್ಯಕ್ಕಲ್ಲ, ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಹಿರಿಯರು ಇದನ್ನು ಮರೆಯಬಾರದು.

ನಮ್ಮ ಅನುಭವದ ಒಂದು ಸಂಗತಿಯನ್ನು ಹೇಳುವೆವು. ನಿಧಾನದ ಅಲೆಯೊಂದರಿಂದ ಫಿಲ್ಟರನ್ನು ತೂಗಿಸಲು ನಾವು ಎರಡು ಸಂಜೆ ಹೆಣಗಿದರೂ ನಾದದಲ್ಲಿ ಏರಿಳಿತವೇ ತೋರಲಿಲ್ಲ. ಅಂಗವು ಕೆಟ್ಟಿದೆಯೆಂದು ತಿಳಿದು, ಅಂಗಡಿಗೆ ಹಿಂದಿರುಗಿಸಲು ಪೊಟ್ಟಣವನ್ನೂ ಕಟ್ಟಿದೆವು. ಕಳುಹಿಸುವ ಮುನ್ನ ಒಮ್ಮೆ ನೋಡಿಬಿಡೋಣವೆಂದು ಪೊಟ್ಟಣವನ್ನು ಬಿಚ್ಚಿ ಆಸಿಲೋಸ್ಕೋಪಿಗೆ ಜೋಡಿಸಿದಾಗ, ಅಲೆಯು ಸರಿಯಾಗಿಯೇ ಏರಿಳಿಯುತ್ತಿತ್ತು! ಆದರೆ ನಾವೇ ಮರೆತು ಬಿಟ್ಟಿದ್ದ ಮತ್ತೊಂದು ತಂತಿಯಿಂದ 5 ವೋಲ್ಟು ಕೂಡಿಕೊಂಡು ಅಲೆಯು ಮೇಲಕ್ಕೆ ಸರಿದಿತ್ತು. ಫಿಲ್ಟರು ಪೂರ್ತಿಯಾಗಿ ತೆರೆದೇ ಇತ್ತು. ತಪ್ಪು ನಮ್ಮದು, ದೂರು ಮಾತ್ರ ಅಂಗದ ಮೇಲೆ. ಇಂತಹ ಸ್ಥಿರವಾದ ವೋಲ್ಟನ್ನು ಕಾಣಬೇಕಾದರೆ ಆಸಿಲೋಸ್ಕೋಪನ್ನು ಡಿ.ಸಿ. ಎಂಬ ಸ್ಥಾನದಲ್ಲಿಯೇ ಇಡಬೇಕು. ಎ.ಸಿ. ಸ್ಥಾನವು ಅದನ್ನು ಮರೆಮಾಡುತ್ತದೆ. ಗಣಕಯಂತ್ರದ ಸಾಧಾರಣ ಧ್ವನಿಯ ಕಿಂಡಿಯೂ ಹೀಗೆಯೇ ಮರೆಮಾಡುವುದಲ್ಲದೆ, 10 ವೋಲ್ಟಿನ ತೂಗಾಟವನ್ನು ತಾಳಲೂ ಅಸಮರ್ಥವಾದುದು.

ಸಂಗೀತಪ್ರಿಯರಿಗೆ ಇನ್ನೊಂದು ಸೊಗಸು ಕಾದಿದೆ. ಎರಡು ಅಲೆಗಳನ್ನು ಎರಡು ಕಿಂಡಿಗಳಿಗೆ ಕೊಟ್ಟು ಎಕ್ಸ್-ವೈ ಎಂಬ ಸ್ಥಾನಕ್ಕೆ ತಿರುಗಿಸಿದರೆ, ಒಂದು ಅಲೆಯು ಬೆಳಕಿನ ಚುಕ್ಕೆಯನ್ನು ಅಡ್ಡಲಾಗಿಯೂ ಮತ್ತೊಂದು ಮೇಲೆ ಕೆಳಗೂ ಒಯ್ಯುತ್ತದೆ. ಫ್ರಾನ್ಸಿನ ಲಿಸಾಜೂ 1857ರಲ್ಲಿ ವಿವರಿಸಿದ ಚಿತ್ರಗಳಿವು. ಒಂದು ಷಡ್ಜವಾಗಿ ಮತ್ತೊಂದು ಶುದ್ಧ ಪಂಚಮವಾದರೆ, ಎಂದರೆ ಕಂಪನಗಳು 2ಕ್ಕೆ 3ರಂತಿದ್ದರೆ, ಹೆಣೆದ ಚಿತ್ರವು ಅಲುಗದೆ ನಿಲ್ಲುತ್ತದೆ. ಪಾಶ್ಚಾತ್ಯ ಕೀಲಿಮಣೆಯ ಪಂಚಮಕ್ಕೆ ಸುಮಾರು 583 ಮಿಲಿವೋಲ್ಟು. ಶುದ್ಧ ಪಂಚಮಕ್ಕೆ 585. ಆ ಎರಡು ಮಿಲಿವೋಲ್ಟಿನ ಕೊರತೆಗೇ ಚಿತ್ರವು ನಿಲ್ಲದೆ ಸಾವಕಾಶವಾಗಿ ಹೊರಳುತ್ತಿರುತ್ತದೆ. ತಂಬೂರಿಯ ಮುಂದೆ ಕುಳಿತವನ ಕಿವಿಯು ಹುಡುಕುವ ನಿಲುಗಡೆಯನ್ನು ಇಲ್ಲಿ ಕಣ್ಣು ಕಾಣುತ್ತದೆ.

ಆದರೂ ಕಣ್ಣನ್ನು ಅತಿಯಾಗಿ ನಂಬಬೇಡಿರಿ. ಆಕಾರದಲ್ಲಿ ಬೇರೆಬೇರೆಯಾಗಿ ತೋರುವ ಎರಡು ಅಲೆಗಳು ಕಿವಿಗೆ ಒಂದೇ ಆಗಿ ಕೇಳಿಸುವುದುಂಟು. ತೆರೆಯ ಮೇಲಿನ ಚಿತ್ರವನ್ನು ಅಂದಗೊಳಿಸುತ್ತ ಕುಳಿತವನು ರಾಗವನ್ನೇ ಮರೆತಾನು. ಕೆಡುಕೆಲ್ಲಿದೆಯೆಂದು ಹುಡುಕುವಾಗ ಆಸಿಲೋಸ್ಕೋಪನ್ನು ಸಾಕ್ಷಿಗೆ ಕರೆಯೋಣ. ಇಂಪು ಯಾವುದೆಂಬ ತೀರ್ಪನ್ನು ಕಿವಿಗೇ ಬಿಡೋಣ.