ಅವತಾರಗಳ ಭಾವಾಭಿನಯ: ಗಣಕಲೋಕ ಮತ್ತು ಗೊಂಬೆಯಾಟ

ಗಣಕಯಂತ್ರವು ನಿರ್ಮಿಸುವ ಕಲ್ಪಿತ ಲೋಕಗಳಲ್ಲಿ ಬಳಕೆದಾರನ ಪರವಾಗಿ ನಡೆದಾಡುವ, ಮಾತನಾಡುವ ಆಕೃತಿಗೆ ‘ಅವತಾರ’ ಎಂಬ ಹೆಸರು ರೂಢಿಯಾಗಿದೆ. 1980ರ ದಶಕದ ಮಧ್ಯಭಾಗದಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆ ರೂಪಿಸಿದ ‘ಹ್ಯಾಬಿಟಾಟ್’ ಎಂಬ ಆಟದಲ್ಲಿ ಈ ಪದ ಈ ಅರ್ಥದಲ್ಲಿ ಬಳಕೆಗೊಂಡಿತು. 1992ರಲ್ಲಿ ಪ್ರಕಟವಾದ ನೀಲ್ ಸ್ಟೀಫನ್‌ಸನ್ನರ ‘ಸ್ನೋ ಕ್ರ್ಯಾಶ್’ ಕಾದಂಬರಿ ಅದನ್ನು ಜನಪ್ರಿಯಗೊಳಿಸಿತು. ಕನ್ನಡದ ಆಡುಮಾತಿನಲ್ಲಿ ಈ ಪದಕ್ಕೆ ಮತ್ತೊಂದು ಛಾಯೆಯಿದೆ. ‘ಇದೇನು ನಿನ್ನ ಅವತಾರ!’ ಎಂದು ಕೇಳುವಾಗ ವೇಷದ ಕುರಿತ ಅಚ್ಚರಿಯ ಜೊತೆಗೆ ಅದರ ಹಿಂದಿನ ಮನಃಸ್ಥಿತಿಯ ವಿಚಾರಣೆಯೂ ಇರುತ್ತದೆ. ಹೊರಗಿನ ಆಕಾರವು ಒಳಗಿನ ಭಾವವನ್ನು ಎಷ್ಟರಮಟ್ಟಿಗೆ ತೋರಬಲ್ಲದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಈ ವಿಭಜನೆಯನ್ನು ಗಣಕಲೋಕಕ್ಕೆ ಅನ್ವಯಿಸಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಅವತಾರದ ಉಡುಗೆ, ಬಣ್ಣ, ಕೇಶವಿನ್ಯಾಸಗಳು ಆಹಾರ್ಯ. ಬೆರಳಚ್ಚಿಸಿದ ಅಥವಾ ಧ್ವನಿಯಾಗಿ ಕೇಳುವ ಮಾತು ವಾಚಿಕ. ನಗು, ಕೈಬೀಸು, ಕುಣಿತ ಮೊದಲಾದ ಸಿದ್ಧ ಚಲನೆಗಳು ಆಂಗಿಕ. ಆಹಾರ್ಯದಲ್ಲಿ ಗಣಕವು ಅಪಾರ ಸ್ವಾತಂತ್ರ್ಯವನ್ನು ನೀಡಿದೆ. ಆಂಗಿಕದಲ್ಲಾದರೋ ಬಳಕೆದಾರನು ಮೊದಲು ತನ್ನ ಭಾವಕ್ಕೆ ಹೆಸರಿಡಬೇಕು, ಬಳಿಕ ಪಟ್ಟಿಯಿಂದ ಚಲನೆಯನ್ನು ಆಯ್ದುಕೊಳ್ಳಬೇಕು. ಪಟ್ಟಿಯಲ್ಲಿಲ್ಲದ ಭಾವಕ್ಕೆ ಅಲ್ಲಿ ದೇಹವಿಲ್ಲ.

ಈ ಕೊರತೆ ಸಣ್ಣದಲ್ಲ. ಬೆಂಗಳೂರಿನ ತ್ಯಾಗರಾಜನಗರದಲ್ಲಿರುವ ಅಜ್ಜಿಯೊಬ್ಬರು ಅಮೆರಿಕದಲ್ಲಿರುವ ಮೊಮ್ಮಗಳನ್ನು ಇಂಥ ಲೋಕವೊಂದರಲ್ಲಿ ಭೇಟಿಯಾಗುವರೆಂದು ಊಹಿಸಬಹುದು. ‘ಈ ಸಲ ದಸರೆಯ ಬೊಂಬೆ ಕೂರಿಸುವುದಕ್ಕೂ ಬರಲಿಲ್ಲವಲ್ಲೇ’ ಎಂಬ ಮಾತಿನಲ್ಲಿರುವುದು ಹುಸಿಮುನಿಸು. ಕೋಪದ ಚಿಹ್ನೆಯನ್ನು ಆರಿಸಿದರೆ ಮಾತು ಒರಟಾಗುತ್ತದೆ. ನಗುವನ್ನು ಆರಿಸಿದರೆ ಅದರೊಳಗಿನ ನೋವು ಮರೆಯಾಗುತ್ತದೆ. ಭರತನು ಎಂಟು ಸ್ಥಾಯಿಭಾವಗಳೊಡನೆ ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಹೇಳಿದ್ದರ ಮಹತ್ತ್ವ ಇಲ್ಲಿ ಮನವರಿಕೆಯಾಗುತ್ತದೆ. ಬಂದುಹೋಗುವ, ಒಂದರೊಳಗೊಂದು ಬೆರೆಯುವ ಭಾವಗಳಿಂದಲೇ ಸ್ಥಾಯಿಯು ಪುಷ್ಟಿಗೊಳ್ಳುತ್ತದೆ. ಸಿದ್ಧಪಟ್ಟಿಯು ಭಾವವನ್ನು ಬಿಡಿಬಿಡಿಯಾಗಿ ನೀಡುವುದರಿಂದ ಈ ಸಂಚಾರಕ್ಕೆ ಎಡೆಯಿಲ್ಲವಾಗಿದೆ.

ನಾಲ್ಕನೆಯದಾದ ಸಾತ್ತ್ವಿಕದ ವಿಚಾರ ಇನ್ನೂ ಜಟಿಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟೂ ಮನಸ್ಸಿನ ತನ್ಮಯತೆಯಿಂದ ಹುಟ್ಟುವಂಥವು. ಗುಂಡಿಯೊತ್ತಿ ತರಿಸಿದ ಕಣ್ಣೀರು ಅಶ್ರುವಿನ ಚಿತ್ರವಷ್ಟೇ. 2003ರಲ್ಲಿ ಆರಂಭವಾದ ‘ಸೆಕೆಂಡ್ ಲೈಫ್’ ಲೋಕದ ಒಂದು ವಿವರ ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಬಳಕೆದಾರನು ಕೀಲಿಮಣೆಯಲ್ಲಿ ಬರೆಯತೊಡಗಿದರೆ ಅವತಾರವು ಗಾಳಿಯಲ್ಲಿ ಬೆರಳಾಡಿಸುತ್ತದೆ. ಆತ ಬಹಳ ಹೊತ್ತು ಸುಮ್ಮನಿದ್ದರೆ ತಲೆ ಬಾಗಿಸಿ ನಿಲ್ಲುತ್ತದೆ. ಇವು ಬೇಕೆಂದು ತೋರಿಸಿದ ಭಾವಗಳಲ್ಲ, ತಾವಾಗಿ ಪ್ರಕಟವಾಗುವ ಚಿಹ್ನೆಗಳು. ಆದರೆ ಅವು ತಿಳಿಸುವುದು ಬಳಕೆದಾರನ ಚಟುವಟಿಕೆಯನ್ನೇ ಹೊರತು ಮನಸ್ಸನ್ನಲ್ಲ.

ಮುಂದಿನ ತಂತ್ರಜ್ಞಾನವು ಮುಖವನ್ನೇ ಓದಲು ಯತ್ನಿಸಿತು. 2017ರ ಐಫೋನ್ ಎಕ್ಸ್ ಬಳಕೆದಾರನ ಮುಖಚಲನೆಯನ್ನು ವ್ಯಂಗ್ಯಚಿತ್ರದಂಥ ಆಕೃತಿಗೆ ವರ್ಗಾಯಿಸಿತು. 2022ರ ಮೆಟಾ ಕ್ವೆಸ್ಟ್ ಪ್ರೊ ಎಂಬ ತಲೆಗವಚ ಕಣ್ಣು ಮತ್ತು ಮುಖದ ಚಲನೆಗಳನ್ನು ಗುರುತಿಸತೊಡಗಿತು. ಸ್ನಾಯುವಿನ ಚಲನೆಯೇ ಭಾವವೆಂದು ತಿಳಿಯುವುದು ಮಾತ್ರ ಸರಿಯಾಗದು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ವಿಸ್ತೃತ ಸಮೀಕ್ಷೆಯು, ಮುಖಚಲನೆಯೊಂದರಿಂದಲೇ ಭಾವವನ್ನು ನಿಶ್ಚಯಿಸಲಾಗದೆಂದೂ ಅದರ ಅರ್ಥ ಸಂದರ್ಭ, ಸಂಸ್ಕೃತಿಗಳೊಡನೆ ಬದಲಾಗುವುದೆಂದೂ ತೋರಿಸಿತು. ಅಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ವಿಭಾವವನ್ನು ಬಿಟ್ಟು ಅನುಭಾವವೊಂದನ್ನೇ ಹಿಡಿದರೆ ಭಾವ ದೊರೆಯುವುದಿಲ್ಲ. ಇದರೊಡನೆ ಗೌಪ್ಯತೆಯ ಪ್ರಶ್ನೆಯೂ ಸೇರಿದೆ. ಉದ್ಯೋಗಸ್ಥಳ ಹಾಗೂ ಶಿಕ್ಷಣಸಂಸ್ಥೆಗಳಲ್ಲಿ ಯಂತ್ರದ ಮೂಲಕ ಭಾವವನ್ನು ಊಹಿಸುವುದನ್ನು ಐರೋಪ್ಯ ಒಕ್ಕೂಟವು 2024ರ ಕಾಯಿದೆಯಲ್ಲಿ, ವೈದ್ಯಕೀಯ ಮತ್ತು ಸುರಕ್ಷತಾ ಉದ್ದೇಶಗಳ ಹೊರತು, ನಿಷೇಧಿಸಿದೆ.

ಮುಖವನ್ನು ಓದದೆಯೂ ಭಾವವನ್ನು ಮುಟ್ಟಿಸುವ ಪರಂಪರೆಯೊಂದು ಕರ್ನಾಟಕದಲ್ಲಿಯೇ ಇದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ಅದಕ್ಕೆ ಉತ್ತಮ ನಿದರ್ಶನ. ಕೊಗ್ಗ ಕಾಮತರಿಂದ ಪ್ರಸಿದ್ಧಿಗೆ ಬಂದ ಈ ಸೂತ್ರದ ಗೊಂಬೆಗಳ ಮುಖ ಮರದಲ್ಲಿ ಕೆತ್ತಿದ್ದು. ಶೃಂಗಾರಕ್ಕೂ ಶೋಕಕ್ಕೂ ಅದೇ ಮುಖ. ಆದರೂ ಕೊರಳಿನ ಸಣ್ಣ ಬಾಗು, ಕೈಯ ತಡವರಿಕೆ, ಹೆಜ್ಜೆಯ ಗತಿ, ಭಾಗವತರ ಪದ, ಅರ್ಥಗಾರಿಕೆ ಇವೆಲ್ಲ ಕೂಡಿದಾಗ ಪ್ರೇಕ್ಷಕನು ಆ ಸ್ಥಿರ ಮುಖದಲ್ಲಿಯೇ ಅಳುವನ್ನು ಕಾಣುತ್ತಾನೆ. ಸೂತ್ರಧಾರನು ಭಾವಕ್ಕೆ ಹೆಸರಿಟ್ಟು ಆರಿಸುವುದಿಲ್ಲ. ಅವನ ತನ್ಮಯತೆ ದಾರದ ಮೂಲಕ ಗೊಂಬೆಗೆ ಇಳಿಯುತ್ತದೆ. ‘ಅವತಾರ’ ಶಬ್ದದ ಇಳಿದುಬರುವಿಕೆ ಎಂಬ ಮೂಲಾರ್ಥ ಇಲ್ಲಿ ಸಾರ್ಥಕವಾಗುತ್ತದೆ. ಅಜ್ಜಿಯ ಹುಸಿಮುನಿಸಿಗೂ ಬೇಕಾದುದು ಇಂಥದೇ ಉಪಾಯ: ಅವರದೇ ದನಿ, ಕೊಂಚ ಅತ್ತ ಹೊರಳಿದ ತಲೆ, ಉತ್ತರಕ್ಕೆ ಮುನ್ನ ಒಂದು ಕ್ಷಣದ ಮೌನ.

ಹೀಗಾಗಿ ಅವತಾರಗಳ ಭಾವಾಭಿವ್ಯಕ್ತಿಯು ಕೇವಲ ತಂತ್ರಜ್ಞರ ವಿಷಯವಲ್ಲ. ಯಾವ ಭಾವಗಳಿಗೆ ದೇಹ ದೊರೆಯಬೇಕೆಂಬ ತೀರ್ಮಾನ ಅನ್ಯಭಾಷೆಯ ಪಟ್ಟಿಯೊಂದರಿಂದಲೇ ಆಗುವುದಾದರೆ, ಆ ಪಟ್ಟಿಯಲ್ಲಿ ಹೆಸರಿಲ್ಲದ ಕನ್ನಡದ ಭಾವಛಾಯೆಗಳು ಹೊಸ ಮಾಧ್ಯಮದಲ್ಲಿ ಮೂಕವಾಗುತ್ತವೆ. ಮೂಗಿನ ಮೇಲೆ ಬೆರಳಿಡು, ತಲೆಯ ಮೇಲೆ ಕೈಹೊತ್ತು ಕೂರು, ಹುಬ್ಬು ಗಂಟಿಕ್ಕು, ಮುಖ ಊದಿಸಿಕೊಳ್ಳು, ನೆಟಿಗೆ ಮುರಿ ಮೊದಲಾದ ನುಡಿಗಟ್ಟುಗಳು ಕನ್ನಡಿಗರ ಆಂಗಿಕಾಭಿನಯದ ಕೋಶವೇ ಆಗಿವೆ. ಇವುಗಳನ್ನು ಪ್ರದೇಶ, ವಯಸ್ಸು, ಸಂಬಂಧಗಳಿಗನುಗುಣವಾಗಿ ಸಂಗ್ರಹಿಸಿ, ಪ್ರತಿಯೊಂದಕ್ಕೂ ಹೊಂದುವ ಅಂಗಚಲನೆ ಮತ್ತು ಸಂದರ್ಭಗಳನ್ನು ದಾಖಲಿಸುವ ಕೆಲಸವನ್ನು ಜಾನಪದ, ಭಾಷಾವಿಜ್ಞಾನ, ಕಾವ್ಯಮೀಮಾಂಸೆಗಳ ಅಭ್ಯಾಸಿಗಳು ಕೈಗೊಳ್ಳಬಹುದಾಗಿದೆ. ತಂತ್ರಾಂಶ ನಿರ್ಮಿಸುವವರಿಗೆ ಕನ್ನಡ ಅಧ್ಯಯನವು ನೀಡಬಹುದಾದ ಮೊದಲ ಸಾಮಗ್ರಿ ಅದೇ.