ಕಷ್ಟಕಾಲಕ್ಕೆ ಕಾಳು ಕೂಡಿಟ್ಟ ಸಂಘಗಳು

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಬೀದರ್ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲೂಕಿನ ಬಹುಭಾಗ ಹಾಗೂ ಗುಲ್ಬರ್ಗ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶದ ಪಾಲಾದವು. ಇಂದು ಅವು ತೆಲಂಗಾಣದಲ್ಲಿವೆ. ನಮ್ಮಂತೆಯೇ ಗಡಿಯಾಚೆ ಉಳಿದ ಆ ಸೀಮೆಯಿಂದ ನಮ್ಮ ಸಂಘಸಂಸ್ಥೆಗಳು ಕಲಿಯಬೇಕಾದ ಪಾಠವೊಂದಿದೆ.

ಜಹೀರಾಬಾದಿನ ಹಳ್ಳಿಗಳದು ಮಳೆಯನ್ನೇ ನೆಚ್ಚಿದ ಬೇಸಾಯ. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದಿದ್ದ ಪಿ. ವಿ. ಸತೀಶ್ ಅವರು ಗೆಳೆಯರೊಡನೆ 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದರು. ಅದರ ಆಸರೆಯಲ್ಲಿ ಹಳ್ಳಿಹಳ್ಳಿಗಳಲ್ಲಿ ಬಡ ಹೆಂಗಸರ ಸಂಘಗಳು ಹುಟ್ಟಿದವು. ಸದಸ್ಯೆಯರಲ್ಲಿ ಹೆಚ್ಚಿನವರು ದಲಿತರು; ಆಡುಮಾತು ಬಹುಮಟ್ಟಿಗೆ ತೆಲುಗು.

ಈ ಸಂಘಗಳು ಬರಗಾಲಕ್ಕೆ ಮೊದಲೇ ಸಿದ್ಧವಾದ ಬಗೆ ಗಮನಾರ್ಹ. 1990ರ ದಶಕದಲ್ಲಿ ಬೀಳುಬಿದ್ದ ಹೊಲಗಳನ್ನು ಹಸನು ಮಾಡಲು ರೈತರಿಗೆ ಸಾಲ ಕೊಟ್ಟರು. ರೈತರು ಆ ಸಾಲವನ್ನು ಜೋಳದ ರೂಪದಲ್ಲಿ ತೀರಿಸಿದರು. ಆ ಜೋಳ ಊರಿನಲ್ಲೇ ಕಣಜ ಸೇರಿ, ಕೈಬರಿದಾದ ತಿಂಗಳುಗಳಲ್ಲಿ ಬಡವರಿಗೆ ಅಗ್ಗದ ದರದಲ್ಲಿ ಸಿಕ್ಕಿತು. ಯಾರು ಬಡವರೆಂಬುದನ್ನು ಊರವರೇ ಕೂಡಿ ನಿರ್ಧರಿಸಿದರು. ಬಿತ್ತನೆ ಬೀಜವೂ ಹಾಗೆಯೇ. ಬೂದಿ, ಬೇವಿನ ಸೊಪ್ಪು ಬೆರೆಸಿ ಬುಟ್ಟಿಗಳಲ್ಲಿ ಕಾಪಾಡಿದ ನಾಟಿ ತಳಿಗಳನ್ನು ಬೇಕಾದವರು ಒಯ್ದು, ಸುಗ್ಗಿಯಾದ ಮೇಲೆ ಒಯ್ದದ್ದಕ್ಕಿಂತ ಹೆಚ್ಚಾಗಿ ಹಿಂದಿರುಗಿಸುವುದು ಪದ್ಧತಿ. ಒಂದೇ ಹೊಲದಲ್ಲಿ ಹಲವು ಬೆಳೆ ಬೆರೆಸಿ ಬಿತ್ತುವುದರಿಂದ ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ. 2008ರಲ್ಲಿ ಮಾಚನೂರಿನಲ್ಲಿ ಇವರದೇ ಸಂಘಂ ರೇಡಿಯೋ ಆರಂಭವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಬಂತು.

2023ರ ಮಾರ್ಚ್‌ನಲ್ಲಿ ಸತೀಶ್ ತೀರಿಕೊಂಡರು. ಯಾವ ಸಂಸ್ಥೆಗಾದರೂ ಇದು ದೊಡ್ಡ ಪೆಟ್ಟು. ಆದರೆ ಬೀಜವಿದ್ದುದು ಹೆಂಗಸರ ಬುಟ್ಟಿಗಳಲ್ಲಿ, ಬಿತ್ತನೆಯ ತಿಳಿವಳಿಕೆಯಿದ್ದುದು ಅವರ ತಲೆಯಲ್ಲಿ.

ನಮ್ಮಲ್ಲಿ ಹೇಗೆ? ಗ್ರಂಥಾಲಯವಿರಲಿ, ಯಕ್ಷಗಾನ ಸಂಘವಿರಲಿ, ಎಷ್ಟೋ ಕಡೆ ಒಬ್ಬ ಕಾರ್ಯದರ್ಶಿಯೇ ಎಲ್ಲವೂ. ಲೆಕ್ಕದ ಪುಸ್ತಕ ಅವರ ಮನೆಯಲ್ಲಿ, ಹಳೆಯ ಕಡತ ಅವರ ಕಪಾಟಿನಲ್ಲಿ. ಖರ್ಚಿಗೆ ಒಬ್ಬಿಬ್ಬರು ದಾನಿಗಳೇ ಗತಿ. ಅವರು ಹಾಸಿಗೆ ಹಿಡಿದರೆ ಸಂಘವೂ ಮಲಗುತ್ತದೆ. ಗಡಿಯ ಕನ್ನಡಿಗರಿಗೆ ಮುಚ್ಚಿದ ಸಂಘವನ್ನು ಮತ್ತೆ ತೆರೆಯುವುದು ಸುಲಭವಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ಪ್ರತಿ ಮನೆಯಿಂದ ಅಲ್ಪ ಮೊತ್ತ ಸೇರಿಸಿ, ಹಬ್ಬ-ಉತ್ಸವಗಳಿಗೆ ಮುಟ್ಟದ ಆಪದ್ಧನವೊಂದನ್ನು ಇಡಬೇಕು. ಲೆಕ್ಕಪತ್ರ, ಕಚೇರಿ ವ್ಯವಹಾರ ಕನಿಷ್ಠ ಮೂವರಿಗೆ ತಿಳಿದಿರಬೇಕು. ಅವರಲ್ಲಿ ಒಬ್ಬರಾದರೂ ಎಳೆಯರಾಗಿರಲಿ. ಹೆಂಗಸರು ಸನ್ಮಾನದ ಆರತಿಗೆ ಮಾತ್ರವಲ್ಲ, ಆಡಳಿತ ಸಮಿತಿಗೂ ಬರಲಿ. ತೆನೆಗೂಡಿದರೆ ಬಳ್ಳವೆಂಬುದನ್ನು ಜಹೀರಾಬಾದಿನ ತಾಯಂದಿರು ಮಾಡಿ ತೋರಿಸಿದ್ದಾರೆ. ನಮ್ಮ ಸಂಘಗಳ ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರುವುದೇ?