ಗೋಗ್ರಾಸವೋ, ಗರಳವೋ?

ಊಟಕ್ಕೆ ಕುಳಿತುಕೊಳ್ಳುವ ಮುನ್ನ ಹಸುವಿಗೆಂದು ಒಂದು ತುತ್ತನ್ನು ತೆಗೆದಿಡುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಅದಕ್ಕೆ ಗೋಗ್ರಾಸವೆಂದು ಹೆಸರು. ಈಗ ಆ ವಾಡಿಕೆಯು ಬಹುಮಟ್ಟಿಗೆ ನಿಂತುಹೋಗಿದ್ದರೂ, ಪಟ್ಟಣವಾಸಿಗಳಾದ ನಾವು ನಮಗರಿವಿಲ್ಲದೆಯೇ ಪ್ರತಿದಿನವೂ ಹಸುವಿಗೆ ಬೇರೊಂದು ಗ್ರಾಸವನ್ನು ನೀಡುತ್ತಲಿದ್ದೇವೆ. ಅದು ಎಂತಹುದೆಂಬುದನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ಬಲಿಪಾಡ್ಯಮಿಯ ಬೆಳಗ್ಗೆ ನಮ್ಮ ಬೀದಿಯವರೆಲ್ಲರೂ ಸೇರಿ ಹಸುವೊಂದನ್ನು ಪೂಜಿಸಿದರು. ಹಣೆಗೆ ಅರಿಸಿನ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಬಾಯಿಗೆ ಬಾಳೆಹಣ್ಣು ಬೆಲ್ಲ, ಯಾವುದಕ್ಕೂ ಕೊರತೆಯಿರಲಿಲ್ಲ. ಸಾಯಂಕಾಲ ನಾನು ತಿರುಗಾಡಲು ಹೊರಟಾಗ ಅದೇ ಹಸುವು, ಹಣೆಯ ಕುಂಕುಮವು ಇನ್ನೂ ಮಾಸದಿರುವಾಗಲೇ, ಬೀದಿಯ ತಿರುವಿನ ಕಸದ ಗುಡ್ಡೆಯ ಬಳಿ ನಿಂತು, ಹಬ್ಬದೂಟದ ಎಂಜಲನ್ನು ತುಂಬಿ ಬಿಗಿದು ಕಟ್ಟಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಹಾಗೆಯೇ ನುಂಗುತ್ತಲಿತ್ತು. ಆ ಚೀಲವು ನಮ್ಮ ಮನೆಯದಲ್ಲವೆಂದು ಪ್ರಮಾಣ ಮಾಡಿ ಹೇಳುವ ಧೈರ್ಯವು ನನಗುಂಟಾಗಲಿಲ್ಲ.

ಹಸುವಿಗೆ ಅಷ್ಟೂ ತಿಳಿಯದೆ ಎಂದು ಕೆಲವರು ಕೇಳಬಹುದು. ಅದು ಮನುಷ್ಯನಂತೆ ಆಯ್ದು, ಅಗಿದು ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಮೇವನ್ನು ಸೆಳೆದುಕೊಂಡು, ಅರೆಬರೆ ಅಗಿದು ನುಂಗಿ, ಬಳಿಕ ನಿಧಾನವಾಗಿ ಮೆಲುಕು ಹಾಕುವುದು ಅದರ ಪ್ರಕೃತಿ. ಗಂಟನ್ನು ಬಿಚ್ಚಲಾರದ ಆ ಮೂಕಪ್ರಾಣಿಯು ಒಳಗಿನ ಅನ್ನದೊಡನೆ ಹೊರಗಿನ ಚೀಲವನ್ನೂ ನುಂಗುತ್ತದೆ. ಅದರ ಜಠರದ ನಾಲ್ಕು ಕೋಶಗಳಲ್ಲಿ ಮೊದಲನೆಯದೇ ಅತಿ ದೊಡ್ಡದು. ಅಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಒಣಹುಲ್ಲನ್ನು ಸಹ ಕರಗಿಸಿ ಆಹಾರವಾಗಿ ಮಾಡಬಲ್ಲವು. ಪ್ಲಾಸ್ಟಿಕ್ಕಿನ ಮುಂದೆ ಮಾತ್ರ ಅವುಗಳ ಆಟ ನಡೆಯದು. ಅದು ಮುಂದಿನ ಕೋಶಕ್ಕೆ ದಾಟಲಾರದೆ ಅಲ್ಲಿಯೇ ನಿಂತು, ಚೀಲಕ್ಕೆ ಚೀಲ ಹೆಣೆದುಕೊಂಡು, ಕಾಲಕ್ರಮದಲ್ಲಿ ಗಟ್ಟಿಯಾದ ಮುದ್ದೆಯಾಗುತ್ತದೆ. ಹಸುವು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಕಡೆಗೆ ತುಂಬಿದ ಹೊಟ್ಟೆಯೊಡನೆಯೇ ಹಸಿವಿನಿಂದ ಸಾಯುತ್ತದೆ.

ಇದು ಉತ್ಪ್ರೇಕ್ಷೆಯಲ್ಲ. 2019ರಲ್ಲಿ ಚೆನ್ನೈಯ ಪಶುವೈದ್ಯರು ನೋವಿನಿಂದ ನರಳುತ್ತಿದ್ದ ಹಸುವೊಂದಕ್ಕೆ ಶಸ್ತ್ರಚಿಕಿತ್ಸೆ ಮಾಡಿ 52 ಕಿಲೋಗ್ರಾಂ ಪ್ಲಾಸ್ಟಿಕ್ಕನ್ನು ಹೊರತೆಗೆದರು. 2021ರಲ್ಲಿ ಹರಿಯಾಣದ ಫರೀದಾಬಾದಿನಲ್ಲಿ ಗಬ್ಬದ ಹಸುವೊಂದರ ಹೊಟ್ಟೆಯಿಂದ ಪ್ಲಾಸ್ಟಿಕ್ಕು, ಮೊಳೆ, ಗಾಜಿನ ಚೂರುಗಳೆಲ್ಲ ಸೇರಿ 71 ಕಿಲೋಗ್ರಾಂ ಹೊರಬಿದ್ದಿತು. ಕರುವು ಉಳಿಯಲಿಲ್ಲ; ಕೆಲವು ದಿನಗಳಲ್ಲಿ ತಾಯಿಯೂ ತೀರಿಕೊಂಡಿತು.

ಕಾನೂನು ಇಲ್ಲವೆಂದಲ್ಲ. ನಮ್ಮ ರಾಜ್ಯವು 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸುಡುವ ಹಲವು ಪ್ಲಾಸ್ಟಿಕ್ ಪದಾರ್ಥಗಳಿಗೆ ದೇಶಾದ್ಯಂತ ನಿಷೇಧವುಂಟು. ಆದರೂ ತರಕಾರಿಯವನು ಕೊತ್ತಂಬರಿ ಸೊಪ್ಪನ್ನು ತೆಳುಚೀಲದಲ್ಲಿ ಹಾಕಿಕೊಡುತ್ತಾನೆ. ನಾವು ಮರುಮಾತಿಲ್ಲದೆ ಕೈಯೊಡ್ಡುತ್ತೇವೆ. ಕೊಳ್ಳುವವರು ಬೇಡವೆಂದರೆ ಆ ಬಡವನು ಹಣ ಕೊಟ್ಟು ಚೀಲವನ್ನೇಕೆ ತಂದಾನು?

ಆದುದರಿಂದ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ಪೇಟೆಗೆ ಹೊರಡುವಾಗ ಬಟ್ಟೆಯ ಚೀಲವನ್ನು ಮರೆಯದಿರಿ. ಅಡಿಗೆಮನೆಯ ಹಸಿಕಸವನ್ನು ಬೇರೆಯಾಗಿಯೇ ಇರಿಸಿ, ಕಸದವರ ಕೈಗೆ ಕೊಡಿರಿ. ಹಿತ್ತಿಲಿದ್ದವರು ಗುಂಡಿ ತೋಡಿ ಗೊಬ್ಬರ ಮಾಡಿಕೊಳ್ಳಿರಿ. ಎಂತಹ ಅವಸರದಲ್ಲಿಯೂ ಎಂಜಲನ್ನು ಚೀಲದಲ್ಲಿ ಗಂಟುಕಟ್ಟಿ ಬೀದಿಗೆ ಎಸೆಯಬೇಡಿರಿ. ಪ್ಲಾಸ್ಟಿಕ್ಕನ್ನು ಸುಡಲೂಬೇಡಿರಿ; ಅದರ ಹೊಗೆಯು ಮನೆಯ ಮಕ್ಕಳಿಗೇ ವಿಷವಾಗುವುದು.

ಮುಂದಿನ ಬಲಿಪಾಡ್ಯಮಿಗೆ ಹಾರ ಕುಂಕುಮಗಳು ಸ್ವಲ್ಪ ಕಡಮೆಯಾದರೂ ಗೋಮಾತೆಯು ಕೋಪಿಸಿಕೊಳ್ಳಲಾರಳು. ಆ ಒಂದು ಗಂಟನ್ನು ಕಟ್ಟದಿರುವುದೇ ನಾವು ಅವಳಿಗೆ ಸಲ್ಲಿಸಬಹುದಾದ ಪೂಜೆ.